ನೆಲ ತುಳಿದ ಕಾಲು

ಆ ಭಾನುವಾರ ಬೆಳಿಗ್ಗೆ ಲೋಕವೇ ನಿಂತು ನೋಡಬೇಕಾದ ಘಟನೆಯೊಂದು ಜರುಗಿತು: ಡ್ರೈವಿಂಗ್ ಶಾಲೆಯ ಮೇಷ್ಟ್ರ ಬಲಗಾಲು ಬಾಮೈದನ ಹೊಸ ಕಾರಿನ ನೆಲವನ್ನು ತುಳಿಯಿತು.

ಶಾಲೆಯ ಕಾರಿನಲ್ಲಿ ಕಲಿಸುವವರ ಸೀಟಿಗೂ ಒಂದು ಬ್ರೇಕು ಇರುತ್ತದೆ. ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಅನ್ನ ತಿಂದವರು ಮೇಷ್ಟ್ರು. ಬಾಮೈದ ಮಾತಿನ ಭರದಲ್ಲಿ ಗೇಟಿನ ಕಂಬದತ್ತ ಕಾರು ನುಗ್ಗಿಸಿದಾಗ, ಪಕ್ಕದಲ್ಲಿ ಕೂತಿದ್ದ ಅವರು ಇಲ್ಲದ ಬ್ರೇಕನ್ನು ತುಳಿದರು, ಮತ್ತೆ ತುಳಿದರು, ಚಪ್ಪಲಿ ಕಿತ್ತುಹೋಗುವಂತೆ ತುಳಿದರು. "ನಿಲ್ಲೇ, ನಿನ್ನ ದಮ್ಮಯ್ಯ!" ಎಂದು ಕಾರನ್ನೇ ಬೇಡಿಕೊಂಡರು. ಕಾರು ತನ್ನ ಪಾಡಿಗೆ ಹೋಗಿ ಕಂಬಕ್ಕೆ ಹಣೆ ಚಚ್ಚಿಕೊಂಡಿತು. ಮೊದಲ ಸವಾರಿಯ ನೆನಪಿಗಿರಲೆಂದು ಬಾಮೈದನ ಹೆಂಡತಿ ಹಿಂದಿನ ಸೀಟಿನಿಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು.

'ಭಾವ ನೆಲ ತುಳಿದರು' ಎಂಬ ಒಕ್ಕಣೆಯೊಂದಿಗೆ ವಿಡಿಯೊ ಮೊದಲು ನೆಂಟರ ಗುಂಪಿಗೆ ಹೋಯಿತು. ಅಲ್ಲಿಂದ ಕಾರಿನ ಹುಚ್ಚಿನವರ ಗುಂಪಿಗೆ ಹಾರಿತು; ಅಲ್ಲಿ 'ಭಾವ' ಉದುರಿಹೋದರು, ನೆಲ ತುಳಿಯುವುದು ಉಳಿಯಿತು. ವಾರ ಕಳೆಯುವಷ್ಟರಲ್ಲಿ, ಜನರ ಬಾಯಲ್ಲಿ ಸೋಲುತ್ತಿದ್ದ ತಂಡದ ನಾಯಕ ನೆಲ ತುಳಿದ; ಬಿಟ್ಟುಹೋದವಳಿಗೆ ಮೆಸೇಜು ಕಳಿಸುತ್ತ ಕೂತವನು ನೆಲ ತುಳಿದ; ಕೈಮೀರಿದ್ದನ್ನು ತಡೆಯಹೋದವರೆಲ್ಲ ನೆಲ ತುಳಿದವರೇ.

ಮೇಷ್ಟ್ರು ಬಾಮೈದನಿಗೆ ಫೋನು ಮಾಡಿದರು. "ಅದನ್ನ ತೆಗೆಸಪ್ಪಾ. ಕಲಿಯೋರ ಮುಂದೆ ತಲೆ ಎತ್ತೋಕಾಗ್ತಿಲ್ಲ."

"ಅಯ್ಯೋ ಭಾವ, ಅದು ಊರೆಲ್ಲ ಸುತ್ತಿ ಬಂತು. ಈಗ ನೆಲ ತುಳಿದ್ರೆ ನಿಲ್ಲುತ್ತಾ?"

ಅವನ ಹಿಂದೆ ಮನೆಮಂದಿ ಘೊಳ್ಳೆಂದರು. ಆ ನಗುವಿನಲ್ಲಿ ತವರಿಗೆ ಹೋಗಿದ್ದ ತಮ್ಮ ಹೆಂಡತಿಯ ನಗುವನ್ನು ಮೇಷ್ಟ್ರು ಬೇರೆಯಾಗಿಯೇ ಗುರುತಿಸಿದರು.

ಶಾಲೆಯ ಕಾರಿನಲ್ಲಿ ಅವರ ಕಾಲು ಅಲುಗಿದರೆ ಸಾಕು, ಹಿಂದಿನ ಸೀಟಿನಲ್ಲಿ ಸರದಿ ಕಾಯುವವರು "ಬಂತು, ಬಂತು!" ಎಂದು ಫೋನು ಎತ್ತುತ್ತಿದ್ದರು. ಮೇಷ್ಟ್ರು ಕಾಲನ್ನು ಬ್ರೇಕಿನಿಂದ ಹಿಂದಕ್ಕೆಳೆದುಕೊಂಡು ಕೂರುವುದನ್ನು ರೂಢಿಸಿಕೊಂಡರು.

ಹಾಗೆ ಕೂತಿದ್ದ ಒಂದು ದಿನ, ತಿರುವಿನಲ್ಲಿ, ಕಲಿಯಲು ಬಂದಿದ್ದ ಬ್ಯಾಂಕಿನ ಗುಮಾಸ್ತೆಯೊಬ್ಬಳು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದಳು. ಮೇಷ್ಟ್ರ ಕಾಲು ಎದ್ದಿತು. ಕನ್ನಡಿಯಲ್ಲಿ ಹಿಂದಿನವನ ಫೋನೂ ಎದ್ದಿತು. ಕಾಲು ಅಲ್ಲೇ ತಡೆಯಿತು. ಅಷ್ಟರಲ್ಲಿ ಗೋಡೆ ಬಂತು. ಕಾರಿನ ಮೂತಿ ಜಜ್ಜಿಹೋಯಿತು. ಗುಮಾಸ್ತೆಯ ಮುಂಗೈ ಮುರಿಯಿತು.

ಶಾಲೆಯ ಯಜಮಾನಿ ಮರುದಿನ ಕರೆಸಿ ಎದುರಿಗೆ ಕೂರಿಸಿಕೊಂಡರು.

"ಇದೊಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮಾ. ಈ ವಯಸ್ಸಲ್ಲಿ ನನ್ನ ಯಾರು ತಗೋತಾರೆ? ಬೇರೆ ಕೆಲಸ ಗೊತ್ತಿಲ್ಲ ನಂಗೆ."

"ಬ್ರೇಕ್ ನಿಮ್ಮ ಕಾಲ ಹತ್ರಾನೇ ಇತ್ತಲ್ಲ ಮೇಷ್ಟ್ರೇ. ಬೇರೆಯವರಿಗೆ ಮಾತು ಕೊಟ್ಟಾಗಿದೆ. ಇನ್ಯಾಕೆ ಸುಮ್ನೆ ನೆಲ ತುಳೀತೀರಾ?"

ಯಜಮಾನಿ ಮರುಕದಿಂದಲೇ ಅಂದರು. ಅದು ಮೊಮ್ಮಕ್ಕಳ ಬಾಯಿಂದ ಕಲಿತ ಮಾತು. ವಿಡಿಯೊವನ್ನು ಅವರು ಕಂಡವರೇ ಅಲ್ಲ.

ಮೇಜಿನ ಕೆಳಗೆ ಮೇಷ್ಟ್ರ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿದಿತ್ತು.

ಸೋಮವಾರದಿಂದ ಹೊಸ ಮೇಷ್ಟ್ರು ಬಂದರು.