ಪಕ್ಕದ ಮನೆಯ ಅತ್ತೆ

ಬೆಳಗಿನಿಂದ ಮಿಜೆಯ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಬಾಂಡಲೆಯಲ್ಲಿದ್ದ ಮೀನೆಲ್ಲ ಸೀದು ಕರಕಲಾಯಿತು. ಪಕ್ಕದ ಮನೆಯ ದಾಮಾ ಬಂದು ಒಲೆಗೆ ನೀರು ಸುರಿದಳು.

"ಇವತ್ತು ಕರಿಯೋದು ಬೇಡ ಬಿಡೇ. ಮೀನಿಗೂ ಒಂದು ಮರ್ಯಾದೆ ಇರುತ್ತೆ."

ದಾಮಾ ಗಿರಿಯಾಮಾ ಬುಡಕಟ್ಟಿನ ಹೆಂಗಸು, ಕೀನ್ಯಾದ ಮಣ್ಣಿನವಳು, ಗುರುತಿನ ಚೀಟಿ ಇದ್ದವಳು. ಮಿಜೆಯ ಅಜ್ಜ ಮೀನಿನ ಬೆನ್ನು ಹತ್ತಿ ಗಡಿಯಾಚೆಯ ಪೆಂಬಾ ದ್ವೀಪದಿಂದ ಹಾಯಿದೋಣಿಯಲ್ಲಿ ಈ ದಡಕ್ಕೆ ಬಂದವನು. ಅವನಿಗೂ ಚೀಟಿ ಇರಲಿಲ್ಲ, ಇಲ್ಲೇ ಹುಟ್ಟಿದ ಅವನ ಮಕ್ಕಳು ಮೊಮ್ಮಕ್ಕಳಿಗೂ ಇರಲಿಲ್ಲ. ಪೊಲೀಸರ ಜೀಪಿನ ಸದ್ದು ಕೇಳಿದರೆ ಪೆಂಬಾದವರ ಕೇರಿಗೆ ಕೇರಿಯೇ ಉಪ್ಪುನೀರಿನ ಕಾಂಡ್ಲ ಕಾಡಿಗೆ ನುಗ್ಗುತ್ತಿತ್ತು.

ಮಗಳು ಬಿಕೊಂಬೊ ಹುಟ್ಟಿದಾಗ ಹೆತ್ತವಳು ಮಿಜೆ, ಮಗುವಿಗಾದರೂ ಚೀಟಿ, ಶಾಲೆ ಸಿಗಲಿ ಎಂದು ಆಸ್ಪತ್ರೆಯಲ್ಲಿ ತಾಯಿಯೆಂದು ಬರೆಸಿದ್ದು ದಾಮಾಳ ಹೆಸರು. ಹಾಗೆ ಮಾಡದವರು ಆ ಕೇರಿಯಲ್ಲಿ ಕಡಿಮೆ. ಅಂದಿನಿಂದ ಮನೆಯೊಳಗೆ ಮಿಜೆ ಅಮ್ಮ; ಹೊಸಿಲು ದಾಟಿದರೆ ಪಕ್ಕದ ಮನೆ ಅತ್ತೆ. ಶಾಲೆಯ ಅಂಗಳದಲ್ಲಿ ಮಗು ಬಾಯಿತಪ್ಪಿ ಅಮ್ಮಾ ಎಂದರೆ ಮಿಜೆ ತಿರುಗಿಯೂ ನೋಡುತ್ತಿರಲಿಲ್ಲ. "ಏನೇ?" ಎನ್ನುತ್ತಿದ್ದವಳು ದಾಮಾ. ಮನೆಗೆ ಬಂದಮೇಲೆ ಮಗುವಿನ ಬೆನ್ನಿಗೆ ಎರಡು ಬೀಳುತ್ತಿದ್ದವು, ಆಮೇಲೆ ತಾಯಿ ಮಗಳು ತಬ್ಬಿಕೊಂಡು ಅಳುತ್ತಿದ್ದರು.

ಈಗ ಸರ್ಕಾರ ಪೆಂಬಾದವರೂ ನಮ್ಮವರೇ ಎಂದಿತ್ತು. ಇವತ್ತು ಮಾವಿನ ಮರದಡಿ ಮೇಜು ಹಾಕಿ ಎಲ್ಲರನ್ನೂ ಬರೆದುಕೊಳ್ಳುತ್ತಿದ್ದರು. ಮಕ್ಕಳಿದ್ದರೆ ಈಗಲೇ ಹೇಳಬೇಕು. ಹೇಳದಿದ್ದರೆ ಬಿಕೊಂಬೊ ಎಂದೆಂದಿಗೂ ದಾಮಾಳ ಮಗಳು.

"ನಿಜ ಹೇಳ್ಬಿಡು," ಸಾಲಿನಲ್ಲಿ ಮುಂದೆ ನಿಂತ ಬಿಕೊಂಬೊಗೆ ಕೇಳಿಸದಂತೆ ದಾಮಾ ಪಿಸುಗುಟ್ಟಿದಳು.

"ಸುಳ್ಳು ಬರೆಸಿದ್ಲು ಅಂತ ನಿನ್ನ ಹಿಡ್ಕೊಂಡು ಹೋದ್ರೆ?"

"ಹೋಗ್ತೀನಿ. ಯಾರೋ ಬೇಯಿಸಿದ್ದು ಕೂತು ಉಣ್ಣೋ ಯೋಗ ನಂಗ್ಯಾವಾಗ ಬರ್ಬೇಕು ಮತ್ತೆ?"

"ಇವಳನ್ನ ಶಾಲೆ ಬಿಡಿಸಿದ್ರೆ?"

ದಾಮಾ ತಾಯಿ ಮಗಳಿಬ್ಬರನ್ನೂ ಮೇಜಿನತ್ತ ನೂಕಿ ತಾನು ಸಾಲಿನಲ್ಲೇ ನಿಂತಳು.

"ಮಕ್ಕಳು?" ಅಧಿಕಾರಿ ತಲೆಯೆತ್ತದೆ ಕೇಳಿದ.

ಮಿಜೆ ಮಗಳ ಹೆಗಲ ಮೇಲೆ ಕೈಯಿಟ್ಟಳು. "ಒಬ್ಬಳು... ಇವಳೇ, ಸಾಹೇಬ್ರೇ."

ಅವನು ಹುಡುಗಿಯನ್ನು ನೋಡಿದ. "ಇವರು ನಿನ್ನ ತಾಯಿನಾ?"

"ಅಲ್ಲ ಸರ್," ಎಂದಳು ಬಿಕೊಂಬೊ, ರೆಪ್ಪೆ ಬಡಿಯದೆ. "ಪಕ್ಕದ ಮನೆ ಅತ್ತೆ. ನಮ್ಮಮ್ಮ ದಾಮಾ."

ಹುಡುಗಿಗೆ ಮೊದಲೇ ಏನೂ ಹೇಳಿರಲಿಲ್ಲ. ಮಿಜೆಗೆ ನಿಜ ಹೇಳುವ ಧೈರ್ಯ ಬಂದದ್ದೇ ಆ ಗಳಿಗೆಯಲ್ಲಿ. ಅಮ್ಮ ಬಾಯಿತಪ್ಪಿದಳು, ತಾನು ಕಾಪಾಡಬೇಕು ಎಂದುಕೊಂಡಿತ್ತು ಪಾಪ. ಹೊಡೆದು ಕಲಿಸಿದ ಪಾಠ ಚಾಚೂ ತಪ್ಪದೆ ಒಪ್ಪಿಸಿತ್ತು. ಯಾರ ಮೇಲೆ ಸಿಟ್ಟಾಗುವುದು?

ಅಧಿಕಾರಿಯ ಪೆನ್ನು ನಿಂತಿತು. ದಾಮಾ ಸಾಲನ್ನು ಸೀಳಿಕೊಂಡು ಮುಂದೆ ಬಂದಳು.

"ಹೇಳಿಕೊಟ್ಟವರು ನಾವು, ಸಾಹೇಬ್ರೇ. ನಾನು ಹೆತ್ತಿದ್ರೆ ಹಿಂಗೆ ಕಡ್ಡಿ ಥರ ಇರ್ತಿದ್ಲಾ? ನನ್ನನ್ನೊಮ್ಮೆ ನೋಡಿ!"

ಸಾಲಿನವರು ನಕ್ಕರು. ಮಿಜೆ ನಗಲಿಲ್ಲ. ಅವಳ ಕಣ್ಣು ಅಧಿಕಾರಿಯ ಕೈಯ ಮೇಲೇ ಇತ್ತು. ಆ ಕೈ ಈಗ ಪೊಲೀಸರನ್ನು ಕರೆಯುತ್ತದೆ ಎಂದೇ ಅವಳು ಕಾದಿದ್ದಳು. ಆ ಕೈ ಹಣೆಯ ಬೆವರು ಒರೆಸಿಕೊಂಡಿತು.

"ಬೆಳಗ್ಗಿಂದ ಇದೇ ಕಥೆ ಕೇಳ್ತಾ ಇದೀನಿ. ಯಾರನ್ನೂ ಹಿಡ್ಕೊಂಡು ಹೋಗಲ್ಲ. ಆ ಮೇಜಿಗೆ ಹೋಗಿ ತಾಯಿ ಹೆಸರು ತಿದ್ದಿಸಿ, ಇಬ್ಬರು ತಾಯಂದಿರೂ ಹೆಬ್ಬೆಟ್ಟು ಒತ್ತಿ."

ಒತ್ತಿದರು. ಬೆರಳಿನ ಮಸಿ ಒಣಗುವ ಮೊದಲೇ ಮಿಜೆ ಮರಳ ದಾರಿ ಹಿಡಿದಿದ್ದಳು. ಅವನು ಮನಸ್ಸು ಬದಲಿಸಿದರೆ?

"ಅಮ್ಮಾ!" ಹಿಂದಿನಿಂದ ಬಿಕೊಂಬೊ ಕೂಗಿದಳು, ಸರ್ಕಾರಿ ಜೀಪಿನ ಪಕ್ಕದಲ್ಲೇ ನಿಂತು.

ದಾಮಾಳ ಬಾಯಿ ತೆರೆಯಿತು, ಹಾಗೆಯೇ ಮುಚ್ಚಿಕೊಂಡಿತು. ಮಿಜೆ ಇನ್ನಷ್ಟು ಬಿರುಸಾಗಿ ನಡೆದಳು.

"ಅಮ್ಮಾ!"

"ನಿಲ್ಲೇ," ದಾಮಾ ಅವಳ ರಟ್ಟೆ ಹಿಡಿದಳು. "ನಿನ್ನನ್ನೇ ಕಣೇ ಕರೀತಿರೋದು."

ಮಿಜೆ ನಿಂತಳು. ಮೊದಲು ಜೀಪಿನತ್ತ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಏನೇ?" ಎಂದಳು.