ಅತ್ತಿ ಕುಡಿದ ಮ್ಯಾಲೆ

ಬೆಂಗಳೂರಿನ ಅಂಚಿನ ಮಾಕಳಿಯ ಹಿಂಬದಿಯಲ್ಲಿ ಏಳುತ್ತಿದ್ದ ಗೋದಾಮಿನ ಗೋಡೆಗಳಿಗೆ ನೀರು ಹೊಡೆಯುವುದು ಮಲಕವ್ವನ ಕೆಲಸ. ಹೊಸ ಸಿಮೆಂಟು ಬಿಸಿಲಿಗೆ ಬಿರುಕು ಬಿಡದಂತೆ ಮುಂಜಾನೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಪೈಪು ಹಿಡಿದು ತೋಯಿಸಬೇಕು. ಸೊಸೆ ಮಹಾದೇವಿ ಹಿಂದಿನಿಂದ ಪೈಪು ಎಳೆದುಕೊಡುತ್ತಿದ್ದಳು. ಉಳಿದ ಹೊತ್ತು ಇಬ್ಬರೂ ಇಟ್ಟಿಗೆ ಹೊರುತ್ತಿದ್ದರು. ಮಹಾದೇವಿ ಬರೀ ಸೊಸೆಯಲ್ಲ, ಮಲಕವ್ವನ ಅಣ್ಣನ ಮಗಳು. ತಾಳಿಕೋಟೆ ಕಡೆಯ ಹಳ್ಳಿಯಲ್ಲಿ ತಾನೇ ಎತ್ತಿ ಆಡಿಸಿದ ಕೂಸನ್ನು ಮಗ ಬಸಲಿಂಗನಿಗೆ ತಂದುಕೊಂಡಿದ್ದಳು.

ದಿನಕ್ಕೆರಡು ಸಲ ಕೈಯಲ್ಲಿ ನೀರು ಹರಿಯುತ್ತಿದ್ದರೂ ಮಲಕವ್ವ ಹೊತ್ತು ಮುಳುಗುವ ತನಕ ಒಂದು ಗುಟುಕು ನುಂಗುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು, ಅಷ್ಟೇ. ಊರಲ್ಲಾದರೆ ಆಳೆತ್ತರದ ಜೋಳ ಹೆಣ್ಣುಮಕ್ಕಳ ಮಾನ ಕಾಯುತ್ತಿತ್ತು. ಇಲ್ಲಿ ಸುತ್ತ ತಗಡಿನ ಬೇಲಿ, ಒಳಗೆಲ್ಲ ಗಂಡಾಳುಗಳು. ಎಂಜಿನಿಯರುಗಳಿಗೆಂದು ಇದ್ದ ಒಂದೇ ಒಂದು ಕಕ್ಕಸಿಗೆ ಸದಾ ಬೀಗ. ಕುಡಿದರೆ ತಾನೆ ಹೋಗಬೇಕು, ಕುಡಿಯದಿದ್ದರಾಯಿತು. ಗಾಣದ ಎತ್ತಿಗೆ ಕಣ್ಣಪಟ್ಟಿ ಒಗ್ಗಿದಂತೆ ಅವಳ ಮೈಗೆ ಅದು ಒಗ್ಗಿಹೋಗಿತ್ತು.

ಮಹಾದೇವಿಯ ಮೈಗೆ ಒಗ್ಗಲಿಲ್ಲ. ಉರಿ, ಸೊಂಟನೋವು, ಬಿಟ್ಟು ಬಿಟ್ಟು ಬರುವ ಚಳಿಜ್ವರ, ಯಾವುದನ್ನೂ ಅವಳು ಹೇಳಿಕೊಳ್ಳಲಿಲ್ಲ. ಒಂದು ದಿನ ಇಟ್ಟಿಗೆ ರಾಶಿಯ ಹತ್ತಿರ ಕೂತವಳು ಏಳಲಾಗದೆ ಉಳಿದಳು.

ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನಿಂಗ್ ಚೀಟಿ ನೋಡುತ್ತ, “ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?” ಎಂದು ಕೇಳಿದಾಗ ಮಹಾದೇವಿ ಅತ್ತೆಯ ಮುಖ ನೋಡಿದಳು.

“ಅವರ ಮುಖದಲ್ಲಿ ಬರೆದಿದೆಯಾ? ಕಿಡ್ನೀಲಿ ಕಲ್ಲಿದೆ. ಪದೇ ಪದೇ ಸೋಂಕಾಗಿ ಆಗಲೇ ಒಂದಷ್ಟು ಕೆಟ್ಟಿದೆ. ಮಿಕ್ಕಿದ್ದನ್ನ ಉಳಿಸ್ಕೋಬೇಕು ಅಂದ್ರೆ ನೀರು ಕುಡಿಯೋದು ರೂಢಿ ಮಾಡ್ಕೋ. ಬಾಯಾರಿಕೆ ಆಗ್ಲಿ ಅಂತ ಕಾಯ್ಬೇಡ.”

ಬಸ್ಸಿನಲ್ಲಿ ಬರುವಾಗ ಮಲಕವ್ವ ಬೈಯುತ್ತಲೇ ಇದ್ದಳು. “ನಾ ಏನ್ ಬ್ಯಾಡ ಅಂದಿದ್ನೇನ? ಕೈಯಾಗ ಪೈಪ್ ಇತ್ತಲ್ಲ. ಕುಡ್ಯಾಕ ಏನ್ ಧಾಡಿ ಬಡದಿತ್ತು ನಿನಗ?”

“ನೀ ಕುಡೀತಿದ್ದಿಲ್ಲಲ್ಲ ಅತ್ತಿ.”

“ಅದಕ್ಕ?”

“ನಿನಕಿಂತ ಮೊದಲ ನಾ ಹ್ಯಾಂಗ ಕುಡೀಲಿ?”

ಅತ್ತೆ ಉಂಡ ಮೇಲೆಯೇ ಸೊಸೆ ತಟ್ಟೆಗೆ ಕೈ ಹಚ್ಚುವುದು ಅವರ ಮನೆತನದ ರೂಢಿ. ಮಲಕವ್ವನೂ ತನ್ನ ಅತ್ತೆಗೆ ಹಾಗೇ ನಡೆದುಕೊಂಡವಳು. ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಇಂಥ ಕಟ್ಟಡಗಳಲ್ಲಿ ದುಡಿದರೂ ಈ ಹುಡುಗಿ ಅದನ್ನು ಬಿಡಲಿಲ್ಲವೆಂದು ಹೆಮ್ಮೆಪಟ್ಟವಳು. ಆದರೆ ಊರಲ್ಲಿ, ಹೊಲದ ಬದುವಿನ ಮೇಲೆ ಕೊಡ ಇಳಿಸಿದ ಕೂಡಲೆ ಅತ್ತೆ ಮೊದಲ ತಂಬಿಗೆ ಕುಡಿದುಬಿಡುತ್ತಿದ್ದಳು. ಮುದುಕಿಗೆ ಬಾಯಾರಿಕೆ ತಡೆಯುವುದಿಲ್ಲ ಎಂದೇ ಮಲಕವ್ವ ಇಷ್ಟು ವರ್ಷ ತಿಳಿದಿದ್ದಳು; ಸೊಸೆ ಕುಡಿಯಲಿ ಎಂದೇ ಹಾಗೆ ಮಾಡುತ್ತಿದ್ದಳೆಂಬುದು ಈಗ ಹೊಳೆಯಿತು.

ಮರುದಿನ ಅವಳು ತಂಬಿಗೆ ಹಿಡಿದು ಬೇಲಿಯಾಚೆಯ ಸುಬ್ಬಲಕ್ಷ್ಮಮ್ಮನ ಮನೆಗೆ ಹೋದಳು. ಗೋದಾಮು ಏಳುತ್ತಿದ್ದ ನೆಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹಿತ್ತಲಿನ ಕಕ್ಕಸಿಗೆ ಹಗಲಲ್ಲಿ ಬಂದುಹೋಗಬಹುದೇ ಎಂದು ಕೇಳಲು ಮಲಕವ್ವನಿಗೆ ನಾಲಿಗೆ ಏಳಲಿಲ್ಲ. ಹೇಗೋ ಕೇಳಿದಳು.

“ಗ್ವಾಡೆಗೆ ಎರಡೊತ್ತು ನೀರು ಕುಡುಸ್ತೀರ, ನಿಮ್ಮೊಟ್ಟೆ ಏನು ಪಾಪ ಮಾಡೈತೆ?” ಅಂದಳು ಸುಬ್ಬಲಕ್ಷ್ಮಮ್ಮ. “ಬಂದು ಓಗ್ರಿ. ಇಷ್ಟು ದಿನ ಕೇಳೋಕೇನಾಗಿತ್ತು ಬಾಯಿಗೆ?”

“ಮೇಸ್ತ್ರಿ ಬೈತಾನ್ರೀ ಅಮ್ಮಾ.”

“ಬೈದ್ರೆ ನನ್ನ ಕರಿ. ಅವನ ಪೈಪಿಗೆ ಬರೋ ನೀರು ನಮ್ಮ ಬೋರಿಂದು.”

ಅಂದಿನಿಂದ ಗೋಡೆಗೊಮ್ಮೆ, ತಮಗೊಮ್ಮೆ. ಕೆಲಸಕ್ಕೆ ಇಳಿಯುವ ಮುಂಚೆ, ಚಹಾದ ಹೊತ್ತಿಗೆ, ರೊಟ್ಟಿ ಗಂಟು ಬಿಚ್ಚುವಾಗ, ಮತ್ತೆ ಪೈಪು ಹಿಡಿಯುವಾಗ ಮಲಕವ್ವ ಮೊದಲು ಕುಡಿದು ತಂಬಿಗೆಯನ್ನು ಸೊಸೆಯ ಕೈಗೆ ಕೊಡುತ್ತಿದ್ದಳು. ಮೊದಮೊದಲು ನೀರು ಗಂಟಲಲ್ಲಿ ಇಳಿಯಲೊಲ್ಲದು.

“ಕೂಸಿಗೆ ಬೇವಿನ ರಸ ಹಾಕಿದಂಗ ಮಾರಿ ಮಾಡ್ತಿ ನೋಡು ಅತ್ತಿ,” ಎಂದು ಮಹಾದೇವಿ ನಗುತ್ತಿದ್ದಳು.

“ನಗಬ್ಯಾಡ. ಕುಡಿ.”

“ನೀ ಅರ್ಧಾ ಕುಡದಿ. ನಾನೂ ಅರ್ಧಾ ಕುಡೀತೀನಿ.”

ಮಲಕವ್ವ ಮತ್ತೆ ತಂಬಿಗೆ ಎತ್ತುತ್ತಿದ್ದಳು. ಹಿತ್ತಲಿಗೆ ಹೋಗುವಾಗ ಅತ್ತೆ ಸೊಸೆ ಇಬ್ಬರೂ ಕೂಡಿ ಹೋಗುತ್ತಿದ್ದರು. ಗಂಡಾಳುಗಳು ಏನೋ ಅಂದು ನಗುತ್ತಿದ್ದರು. ಮಲಕವ್ವ ಅತ್ತ ತಿರುಗಿಯೂ ನೋಡಲಿಲ್ಲ. ಯುಗಾದಿ ಹೊತ್ತಿಗೆ ಅವಳ ಎಷ್ಟೋ ವರ್ಷದ ತಲೆನೋವು ಬಿಟ್ಟುಹೋಗಿತ್ತು. ಹೊತ್ತು ಹೊತ್ತಿಗೆ ಗಂಟಲು ತಾನಾಗಿ ನೀರು ಬೇಡುತ್ತಿತ್ತು.

ಮಹಾದೇವಿಯ ಮುಖವೂ ತುಂಬಿಕೊಂಡಿತು. ಬಳೆ ಮುಂಗೈಗೆ ಬಿಗಿಯಾದವು. “ನೀರು ಮೈಗೆ ಹತ್ತಾಕತ್ತೈತಿ,” ಎಂದು ಮಲಕವ್ವ ಮಗನಿಗೆ ಹೇಳಿ ಹಿಗ್ಗಿದಳು. ಊರಲ್ಲಿ ಒಳ್ಳೆಯ ಮೇವು ಕಂಡ ಆಕಳ ಮೈಯೂ ಹೀಗೇ ತುಂಬುತ್ತಿತ್ತು. ಒಂದು ತಂಬಿಗೆ ಹೆಚ್ಚೇ ಕುಡಿಸಿದಳು. ಕಾಲುಂಗುರ ಬೆರಳಿಗೆ ಕಚ್ಚಿ, ಸೋಪು ಹಚ್ಚಿದರೂ ಬಾರದೆ, ಬಸಲಿಂಗ ಇಕ್ಕಳದಿಂದ ಕತ್ತರಿಸಬೇಕಾಗಿ ಬಂದ ದಿನ ಮಲಕವ್ವ ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಮಹಾದೇವಿಯ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಕಡೆ ಗುಳಿ ಬಿತ್ತು. ಹಸಿ ಸಿಮೆಂಟಿನ ಮೇಲೆ ಊರಿದ ಬೆರಳಿನಂತೆ ಅದು ಹಾಗೇ ಉಳಿಯಿತು. ರಕ್ತ ಪರೀಕ್ಷೆ ಆಯಿತು. ಇನ್ನು ಮೇಲೆ ವಾರವಾರ ಬಂದು ಮಿಷನ್ನಿನಲ್ಲಿ ರಕ್ತ ತೊಳೆಸಿಕೊಂಡು ಹೋಗಬೇಕು, ನೀರು ಅಳತೆಯಲ್ಲಿ ಕುಡಿಯಬೇಕು ಎಂದರು. ಒಂದು ಸಣ್ಣ ಲೋಟ ತೋರಿಸಿದರು.

“ನೀವ ಕುಡಿ ಅಂದಿದ್ರಿ,” ಅಂದಳು ಮಲಕವ್ವ.

“ಆಗ ಕುಡಿದ ನೀರನ್ನ ಕಿಡ್ನಿ ಹೊರಗೆ ಹಾಕ್ತಿತ್ತಮ್ಮ. ಈಗ ಆಗ್ತಿಲ್ಲ. ನೀವು ಕುಡಿಸಿದ್ದಕ್ಕೆ ಕೆಟ್ಟಿದ್ದಲ್ಲ ಅದು. ಅಷ್ಟು ವರ್ಷ ಒಣಗಿಸಿದ್ದು...” ಎಂದು ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು.

ಮಹಾದೇವಿ ಕೆಲಸ ಬಿಟ್ಟು ತಾವು ವಾಸವಿದ್ದ ಶೆಡ್ಡಿನಲ್ಲಿ ಉಳಿದಳು. ಮಲಕವ್ವ ಒಬ್ಬಳೇ ಗೋಡೆಗಳಿಗೆ ನೀರು ಹೊಡೆದಳು. ಸುಬ್ಬಲಕ್ಷ್ಮಮ್ಮ ಬೇಲಿಯ ಮೇಲಿಂದ ತಂಬಿಗೆ ಚಾಚಿದರೆ ಬೇಡವೆಂದು ತಲೆಯಾಡಿಸಿದಳು. ಹುಡುಗಿಯ ಕಣ್ಣಿಗೆ ಬೀಳದಿರಲಿ ಎಂದು ಕುಡಿಯುವ ನೀರಿನ ಕೊಡವನ್ನು ಅವರ ಮನೆಯಲ್ಲೇ ಇಟ್ಟುಬಂದಿದ್ದಳು. ಈಗ ಮತ್ತೆ ಮುಕ್ಕಳಿಸಿ ಉಗುಳುವುದು. ಹಳೆಯ ರೂಢಿಗೆ ಮರಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಬೇಡಲು ಕಲಿತ ಗಂಟಲು ದಿನವಿಡೀ ಬೇಡುತ್ತಿತ್ತು.

ಸಂಜೆ ಶೆಡ್ಡಿಗೆ ಬಂದಾಗ ಕೊಡ ಒಳಗೇ ಇತ್ತು.

“ನಾನ ತರಿಸೀನಿ,” ಅಂದಳು ಮಹಾದೇವಿ. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿ ಬಿಳಿಚಿತ್ತು. “ಇಲ್ಲಿ ಬಾ ಅತ್ತಿ. ಇವತ್ತ ಕುಡಿದಿಲ್ಲ ನೀ.”

“ಕುಡದೀನಿ.”

“ತುಟಿ ಒಡದಾವ. ನಿನ್ನೀನೂ ಕುಡಿದಿಲ್ಲ.”

ಮಲಕವ್ವ ಹೊಸ್ತಿಲಲ್ಲೇ ಕುಸಿದು ಕೂತಳು. “ನಿನ್ನ ಬಿಟ್ಟು ನಾ ಹ್ಯಾಂಗ ಕುಡೀಲಿ ಯವ್ವಾ?”

“ಆ ರೂಢಿ ಇರೂದು ಸೊಸಿಗಿ. ಅತ್ತಿಗಿಲ್ಲ.”

ಮಹಾದೇವಿ ಊದಿದ ಕೈಯಿಂದ ಕೊಡ ಬಗ್ಗಿಸಿದಳು. ತಂಬಿಗೆ ತುಂಬಿ, ತುದಿಯಿಂದ ಒಂದಿಷ್ಟು ಅವಳ ಬೆರಳ ಮೇಲೆ ಚೆಲ್ಲಿತು. ಆ ಬೆರಳನ್ನು ಸೀರೆಗೆ ಒರೆಸಿಕೊಂಡು ತಂಬಿಗೆ ಮುಂದೆ ಚಾಚಿದಳು.

“ನನ್ನ ಮುಂದ ಕುಡಿ. ಪೂರ್ತಿ ಕುಡಿ.”

ಮಲಕವ್ವ ಎರಡೂ ಕೈಯಲ್ಲಿ ಇಸಿದುಕೊಂಡಳು. ಕಣ್ಣು ಮುಚ್ಚಿ ಕುಡಿಯಬೇಕೆಂದುಕೊಂಡವಳು ಮುಚ್ಚಲಾಗದೆ ಸೊಸೆಯನ್ನೇ ನೋಡುತ್ತ ಕುಡಿದಳು. ಒಂದೊಂದು ಗುಟುಕು ಇಳಿದಾಗಲೂ ಎದುರಿಗೆ ಕೂತ ಮಹಾದೇವಿಯ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.