ಎಚ್ಚರ ಇದ್ದವರ ಮಾತು

ಪ್ರವಾಸದ ಹಡಗಿನ ಕೋಣೆಯಲ್ಲಿ ನಾಲ್ಕು ಹಾಸಿಗೆಗಳಿದ್ದವು, ಎರಡು ಕೆಳಗೆ, ಎರಡು ಮೇಲೆ. ಮೊಮ್ಮಗ ಮೇಲಿನದೊಂದನ್ನು ಹತ್ತಿ ಕುಳಿತು, "ಬನ್ನಜ್ಜ ನನ್ನ ಕೆಳಗೆ, ಅಜ್ಜಿ ಆ ಕಡೆ" ಎಂದು ಜಾಗ ಹಂಚಿದ. ಬ್ರೆಡ್ಡಿನ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಒಲೆಯ ಮುಂದೆ ನಿಂತು ನಿವೃತ್ತನಾದ ಅಜ್ಜನಿಗೆ ಆ ಹೆಸರಿಟ್ಟವನೂ ಅವನೇ. ಅಜ್ಜಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಬೀದಿಯವರಿಗೆಲ್ಲ ಅವಳು ಈಗಲೂ ನರ್ಸಮ್ಮನೇ.

"ಒಂದೇ ಹೊತ್ತಿಗೆ ಇಬ್ಬರಿಗೂ ಮಂಚ!" ಎಂದು ಮಗಳು ನಕ್ಕಳು. "ಅಮ್ಮ, ನಿನಗೆ ನಿದ್ದೆ ಬರುತ್ತಾ?"

ಆ ನಗುವಿಗೆ ಕಾರಣವಿತ್ತು. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಹಗಲು ಪಾಳಿ. ಮದುವೆಯಾದ ವರ್ಷದಿಂದ ನಿವೃತ್ತಿಯವರೆಗೂ ಸಂಸಾರ ಹಾಗೇ ನಡೆದಿತ್ತು. ಅವನು ಮೈಮೇಲೆ ಹಿಟ್ಟು ಹೊತ್ತು ಮನೆಗೆ ಬರುವಾಗ ಅವಳು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದಳು. ಸಂಜೆ ಸಿಗುವ ಚೂರು ಹೊತ್ತು ಮಗುವಿನ ಮೂಗು ಒರೆಸುವುದರಲ್ಲಿ, ಪಾತ್ರೆ ತೊಳೆಯುವುದರಲ್ಲಿ ಕಳೆದುಹೋಗುತ್ತಿತ್ತು. ಕೂತು ಚರ್ಚಿಸಲು ಪುರುಸೊತ್ತೆಲ್ಲಿ? ಹಾಗಾಗಿ ಅವರ ಮನೆಯಲ್ಲಿ ಒಂದು ಕಟ್ಟಳೆ ತಾನಾಗಿಯೇ ಬೆಳೆದಿತ್ತು: ಎಚ್ಚರ ಇದ್ದವರದೇ ಮಾತು. ಮಲಗಿದವರನ್ನು ಎಬ್ಬಿಸಬಾರದು, ಎದ್ದ ಮೇಲೆ ಅವರು ತಕರಾರು ತೆಗೆಯಬಾರದು. ಮಗಳ ಶಾಲೆ ಹಾಗೆ ನಿರ್ಧಾರವಾಯಿತು. ಹೆಂಡತಿ ಡ್ಯೂಟಿಯಿಂದ ಬಂದು ಮಲಗಿದ್ದಾಗ ಗೋಡೆಗಳಿಗೆ ಹಸಿರು ಬಣ್ಣ ನಿಗದಿಯಾಯಿತು. ಅಳಿಯನ ಕಡೆಯವರು ಬಂದು ಮಾತಾಡಿ ಹೋದದ್ದು ಗಂಡ ನಿದ್ದೆಯಲ್ಲಿದ್ದಾಗ. ಮುಖ ತೊಳೆದು ಬರುವಷ್ಟರಲ್ಲಿ ಮದುವೆ ನಿಶ್ಚಯವಾಗಿತ್ತು. "ಒಳ್ಳೇದೇ ಆಯ್ತು" ಎಂದಿದ್ದ. ಹಾಗೆನ್ನುವುದೇ ಪದ್ಧತಿ.

ನಿವೃತ್ತಿಯ ಮೇಲೂ ದೇಹ ಹಳೆಯ ಪಾಳಿಯನ್ನು ಬಿಡಲಿಲ್ಲ. ಬನ್ನಜ್ಜನಿಗೆ ನಿದ್ದೆ ಹತ್ತುವುದು ಬೆಳಕು ಹರಿದ ಮೇಲೆಯೇ. ಹಡಗಿನಲ್ಲೂ ಅವನು ಬೆಳಿಗ್ಗೆ ಮೇಲಿನ ಡೆಕ್ಕಿನ ಆರಾಮ ಕುರ್ಚಿಯಲ್ಲಿ, ಚಳಿಗೆ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು ಒರಗಿರುತ್ತಿದ್ದ. ಒಂದು ದಿನ ಹಾಗೆ ಒರಗಿದ್ದಾಗ ಪಕ್ಕದ ಕುರ್ಚಿಗಳಲ್ಲಿ ತಾಯಿ, ಮಗಳು ಮಾತಾಡುತ್ತಿದ್ದದ್ದು ಕೇಳಿಸಿತು. ಮಗಳು ಎರಡನೆಯ ಬಾರಿ ಬಸುರಿ.

"ಅಮ್ಮ, ಕೂಸು ಹುಟ್ಟಿದ ಮೇಲೆ ನೀನು ನಮ್ಮನೆಗೇ ಬಂದುಬಿಡು. ಅಡುಗೆಮನೆ ಪಕ್ಕದ ಕೋಣೆ ಖಾಲಿ ಇದೆ. ಚಿಕ್ಕದು, ಒಂದು ಮಂಚ ಹಿಡಿಯುತ್ತೆ."

"ನಿಮ್ಮಪ್ಪ?"

"ಅಪ್ಪಂಗೇನಮ್ಮ? ಒಬ್ಬರೇ ಇದ್ದು ಒಗ್ಗಿಹೋಗಿದೆ. ನೀವಿಬ್ಬರೂ ಒಟ್ಟಿಗೆ ಇದ್ದಿದ್ದಾದರೂ ಯಾವಾಗ ಹೇಳು? ಕೂಸು ಸ್ಕೂಲಿಗೆ ಹೋಗೋ ತನಕ, ಅಷ್ಟೇ."

"ನೋಡೋಣ ಬಿಡು. ಮಕ್ಕಳಿದ್ದ ಕಡೆ ಇದ್ದರೆ ನನಗೂ ಚೆನ್ನಾಗೇ ಇರುತ್ತೆ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಆದರೆ ಕಂಬಳಿಯ ಒಳಗಿದ್ದವನಿಗೆ ಬೆಳಕು ಮಗಳ ಮನೆಯ ಕಡೆಗಷ್ಟೇ ಬಿದ್ದಂತೆ ಕಂಡಿತು. ಎದ್ದು ಕೂತು 'ಬೇಡ' ಅನ್ನಬೇಕೆನಿಸಿತು. ಅನ್ನಲಿಲ್ಲ. ಮಲಗಿದವರಿಗೆ ಮಾತಿಲ್ಲವಲ್ಲ.

ಹಡಗು ದಡ ಸೇರಿತು. ಮಗಳ ಸಂಸಾರ ಊರಿಗೆ ಮರಳಿತು. ಇವರಿಬ್ಬರು ಮೊದಲೇ ಗೊತ್ತು ಮಾಡಿಕೊಂಡಿದ್ದಂತೆ ಕಡಲ ತೀರದ ಒಂದು ಸಣ್ಣ ಊರಿನಲ್ಲಿ ಚಳಿಗಾಲ ಕಳೆಯಲು ಉಳಿದರು. ಹೊರಡುವಾಗ ಮಗಳು, "ಬೇಗ ತೀರ್ಮಾನ ಮಾಡಮ್ಮ, ಫೋನ್ ಮಾಡ್ತೀನಿ" ಎಂದಿದ್ದಳು.

ಬಾಡಿಗೆಗೆ ಹಿಡಿದ ಕೋಣೆ ಒಂದು ಐಸ್‌ಕ್ರೀಮ್ ಅಂಗಡಿಯ ಮೇಲಿತ್ತು. ಚಳಿಗೆ ಅಂಗಡಿ ಮುಚ್ಚಿತ್ತು. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು. ಕೋಣೆಯ ಕಿಟಕಿಯ ಗಾಜಿಗೆ ಉಪ್ಪು ಕಟ್ಟಿತ್ತು. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮಿ ಆಮೇಲೆ ನೀರು ಬಿಡುತ್ತಿತ್ತು. ಮಂಚ ಒಂದೇ, ಆದರೆ ದೊಡ್ಡದು. ಬೆಳಿಗ್ಗೆ ಬನ್ನಜ್ಜ ಮಲಗಿದರೆ ನರ್ಸಮ್ಮ ಮರಳಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದರು. ಊಟವಾದ ಮೇಲೆ ಅವಳು ಮಲಗಿದರೆ ಅವನು ಹೊರಡುತ್ತಿದ್ದ.

ಅಂಗಡಿಯ ಒಡತಿ ಮೆಟ್ಟಿಲ ಬುಡದಲ್ಲಿ ಅವನನ್ನು ತಡೆದು ಕೇಳಿದಳು. "ಏನ್ ಯಜಮಾನರೇ, ಒಬ್ಬರು ಇಳಿದರೆ ಒಬ್ಬರು ಹತ್ತುತ್ತೀರಿ. ಜಗಳವಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಪ್ಪ."

"ನಾವು ಒಟ್ಟಿಗೆ ಮಲಗಿದ್ದೇ ಕಮ್ಮಿ ತಾಯಿ. ಮುಗಿಯೋದು ಹೇಗೆ ಅಂತ ಗೊತ್ತಿಲ್ಲದೆ ಶುರು ಮಾಡೋ ಧೈರ್ಯ ಆಗಿಲ್ಲ."

ಒಡತಿ ನಕ್ಕಳು. ಅವನು ನಗುತ್ತಲೇ ಹೊರಗೆ ಬಂದ, ಆದರೆ ಆ ನಗು ಬೀದಿಯ ತಿರುವಿನವರೆಗೂ ಉಳಿಯಲಿಲ್ಲ.

ಪ್ರತಿ ಊಟದಲ್ಲೂ 'ಇವತ್ತು ಕೇಳಿಬಿಡೋಣ' ಅಂದುಕೊಳ್ಳುತ್ತಿದ್ದ. ಹೋಗಬೇಡ ಎಂದರೆ ಅವಳು ಹೋಗುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಕಟ್ಟಿತ್ತು. ಆಯುಷ್ಯವೆಲ್ಲ ಬೇರೆಯವರ ಮಕ್ಕಳ ಜ್ವರ ನೋಡಿದವಳು. ಈಗ ಸ್ವಂತ ಮೊಮ್ಮಗುವನ್ನು ಎತ್ತಿಕೊಳ್ಳುವ ಕಾಲದಲ್ಲಿ ಅಡ್ಡ ಬರುವುದು ನ್ಯಾಯವೇ? ಹಾಗೆ ಯೋಚಿಸುತ್ತ ಒಂದು ಕಿತ್ತಳೆ ಸುಲಿದು ಅವಳ ಮುಂದಿಡುತ್ತಿದ್ದ. ಆಮೇಲೆ ಇನ್ನೊಂದು.

ಫೋನ್ ಬಂದದ್ದು ಮಧ್ಯಾಹ್ನ. ನರ್ಸಮ್ಮ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಮಲಗಿದ್ದಳು. ಬನ್ನಜ್ಜ ಫೋನನ್ನು ಮೆಟ್ಟಿಲ ಹತ್ತಿರ ಒಯ್ದ.

"ಅಪ್ಪ, ಅಮ್ಮ ಇಲ್ವಾ?"

"ಮಲಗಿದಾಳೆ."

"ಸ್ವಲ್ಪ ಎಬ್ಬಿಸ್ತೀರಾ? ಕೂಸು ನೋಡಿಕೊಳ್ಳೋಕೆ ಒಬ್ಬರು ಸಿಕ್ಕಿದಾರೆ. ಬೇಕೋ ಬೇಡವೋ ಇವತ್ತೇ ಹೇಳಬೇಕಂತೆ. ಅಮ್ಮ ಬರೋದಾದರೆ ಬೇಡ ಅಂದುಬಿಡ್ತೀನಿ."

ಅವನು ತೆರೆದ ಬಾಗಿಲಿನಿಂದ ಒಳಗೆ ನೋಡಿದ. ಎರಡು ಹೆಜ್ಜೆ ಇಟ್ಟು ಭುಜ ಮುಟ್ಟಿದರೆ ಸಾಕಿತ್ತು. ಆ ಕೈ ಯಾವತ್ತೂ ಮಾಡದ ಕೆಲಸ ಅದು.

"ಬರ್ತಾಳೆ" ಎಂದ.

"ಅಮ್ಮನೇ ಹೇಳಿದ್ಲಾ?"

"ನಾನು ಹೇಳ್ತಿದೀನಲ್ಲಮ್ಮ."

ನರ್ಸಮ್ಮ ಎದ್ದಾಗ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ವಿಷಯ ಹೇಳಿದ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡಿದಳು.

"ಹೌದಾ?" ಎಂದಳು. ಒಂದು ಗುಟುಕು ಕುಡಿದು, "ಒಳ್ಳೇದೇ ಆಯ್ತು."

ಮಡಿಸಿದ್ದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಸಂಜೆ ಕೇಳಿದ್ದಕ್ಕಷ್ಟೇ ಮಾತಾಡಿದಳು. ಸರಿಯಾದ ಕೆಲಸ ಮಾಡಿದರೆ ಮನಸ್ಸು ಹಗುರಾಗಬೇಕಲ್ಲ ಎಂದು ಬನ್ನಜ್ಜ ಕಾದ, ಹಗುರಾಗಲಿಲ್ಲ. ಬೆಳಕು ಹರಿದು ಅವಳು ಬಾಗಿಲೆಳೆದುಕೊಂಡು ಹೊರಗೆ ಹೋದ ಮೇಲೆ ಮಂಚಕ್ಕೆ ಬಿದ್ದ. ದಣಿದಿದ್ದವನಿಗೆ ಕೂಡಲೇ ನಿದ್ದೆ ಹತ್ತಿತು.

ಭುಜದ ಮೇಲೆ ಒಂದು ಕೈ ಬಿತ್ತು. ಒತ್ತಿ, ಬಿಟ್ಟು, ಮತ್ತೆ ಒತ್ತಿತು. ವಾರ್ಡಿನಲ್ಲಿ ಎಷ್ಟೋ ಜನರನ್ನು ಎಬ್ಬಿಸಿದ್ದ ಕೈ.

"ಏಳಿ."

ಅವನು ದಡಬಡಿಸಿ ಎದ್ದು ಕೂತ. "ಏನಾಯ್ತು? ಯಾರಿಗೇನಾಯ್ತು?"

"ನನಗೆ." ಅವಳು ಕೋಟು, ತಲೆಗೆ ಕಟ್ಟಿದ ಉಣ್ಣೆಯ ವಸ್ತ್ರ ಯಾವುದನ್ನೂ ತೆಗೆಯದೆ ಮಂಚದ ಅಂಚಿಗೆ ಕೂತಿದ್ದಳು. ಚಳಿಗೆ ಮೂಗು ಕೆಂಪಾಗಿತ್ತು. "ನಿನ್ನೆ ನನ್ನನ್ನ ಯಾಕೆ ಎಬ್ಬಿಸಲಿಲ್ಲ?"

"ನೀನು ಮಲಗಿದ್ದೆ."

"ಮಲಗಿದ್ದೆ. ಸತ್ತಿರಲಿಲ್ಲ."

"ಅಲ್ಲ, ನಮ್ಮನೇಲಿ ಯಾವತ್ತೂ..."

"ಗೋಡೆಗೆ ಹಸಿರು ಬಳಿಸಿದಿರಿ, ಸುಮ್ಮನಿದ್ದೆ. ನಾನೂ ಗೋಡೆನಾ?"

"ನಿನಗೇ ಹೋಗೋ ಆಸೆ ಇತ್ತಲ್ಲ! ಹಡಗಲ್ಲಿ ನೀನೇ ಅಂದೆ, ಮಕ್ಕಳಿದ್ದ ಕಡೆ ಚೆನ್ನಾಗಿರುತ್ತೆ ಅಂತ."

"ಓಹೋ! ಕಂಬಳಿ ಒಳಗೆ ಕಿವಿ ಎಚ್ಚರ ಇತ್ತೋ? ಹಾಗಾದರೆ ಬಾಯಿಗೇನಾಗಿತ್ತು?" ಅವಳ ದನಿ ಏರಿತು. "ನೋಡೋಣ ಅಂದಿದ್ದು ನೀವೇನಂತೀರೋ ನೋಡೋಣ ಅಂತ. ಇಲ್ಲಿಗೆ ಬಂದ ಮೇಲೆ ದಿನಾ ಊಟಕ್ಕೆ ಕೂತಾಗ ಕಾದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ. ನೀವು ಕಿತ್ತಳೆ ಸುಲಿದಿದ್ದೇ ಸುಲಿದಿದ್ದು! ನನಗೆ ಹುಳಿ ತಿಂದು ತಿಂದು ಹಲ್ಲು ಜುಮ್ ಅಂತಿದೆ."

"ಹೋಗಬೇಡ ಅಂದಿದ್ದರೆ ನನಗೋಸ್ಕರ ಉಳಿದುಬಿಡ್ತಿದ್ದೆ ನೀನು!" ಅವನೂ ಕೂಗಿದ. ತನ್ನ ದನಿಗೆ ತಾನೇ ಬೆಚ್ಚಿದ.

"ಉಳಿದರೆ ಏನು ಪಾಪ? ನಿಮಗೋಸ್ಕರ ಉಳಿಯೋದು ಅಷ್ಟು ಕೆಟ್ಟದ್ದಾ?"

ಕೆಳಗಿನಿಂದ ಒಡತಿಯ ಕೂಗು ಬಂತು. "ಅಮ್ಮಾವ್ರೇ, ಎಲ್ಲಾ ಸರಿ ಇದೆಯಾ?"

"ಸರಿ ಇದೆ! ಜಗಳ ಆಡ್ತಿದೀವಿ!"

ನರ್ಸಮ್ಮ ಗಂಡನ ಕಡೆ ತಿರುಗಿದಳು. "ಈಗ ನೀವೂ ಎಚ್ಚರ ಇದೀರಿ, ನಾನೂ ಎಚ್ಚರ ಇದೀನಿ. ಹೇಳಿ, ನಿಮಗೇನು ಬೇಕು?"

ಬನ್ನಜ್ಜ ಒಲೆಯ ಸುಟ್ಟ ಕಲೆಗಳಿದ್ದ ತನ್ನ ಮುಂಗೈಗಳನ್ನು ನೋಡಿಕೊಂಡ. ಹಿಂದೆ ಯಾರಾದರೂ ಹೀಗೆ ಎದುರಿಗೆ ಕೂರಿಸಿ ಕೇಳಿದ್ದು ಅವನಿಗೆ ನೆನಪಿರಲಿಲ್ಲ.

"ನೀನು ಹೋಗಬಾರದು" ಎಂದ. "ನನಗೆ ಒಬ್ಬನೇ ಇದ್ದು ಒಗ್ಗಿಹೋಗಿದೆ ಅಂತಾಳೆ ಮಗಳು. ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಕೆಲಸದಿಂದ ಬಂದು ಮಲಗಿದಾಗ ನೀನು ಎದ್ದುಹೋದ ಜಾಗ ಬಿಸಿ ಇರ್ತಿತ್ತು. ಒಂದು ದಿನಾನೂ ತಣ್ಣಗಿನ ಹಾಸಿಗೆ ಮೇಲೆ ಮಲಗಿದವನಲ್ಲ ನಾನು."

ನರ್ಸಮ್ಮ ತಲೆಯ ವಸ್ತ್ರ ಬಿಚ್ಚಿ ಅದರಲ್ಲೇ ಮೂಗು ಒರೆಸಿಕೊಂಡಳು. "ಇಷ್ಟು ಹೇಳೋಕೆ ಇಷ್ಟು ವರ್ಷ" ಎಂದು ಫೋನು ಕೈಗೆತ್ತಿಕೊಂಡಳು.

ಮಗಳಿಗೆ ಒಗಟಿಲ್ಲದೆ ಹೇಳಿದಳು: ಹೆರಿಗೆಗೆ ಇಬ್ಬರೂ ಬರುತ್ತಾರೆ, ಕೂಸಿನ ಕತ್ತು ನಿಲ್ಲುವವರೆಗೆ ಇರುತ್ತಾರೆ, ಆಮೇಲೆ ಇಬ್ಬರೂ ವಾಪಸ್. ಮಗಳು, "ನಿನ್ನೆ ಅಪ್ಪ ಹೇಳಿದ್ದು ನಂಬಿ ಅವರಿಗೆ ಬೇಡ ಅಂದುಬಿಟ್ಟೆ. ಈಗ ಮತ್ತೆ ಹುಡುಕಬೇಕು" ಎಂದಳು. ದನಿಯಲ್ಲಿ ಬೇಸರವಿತ್ತು. "ಅಪ್ಪ ಬಂದರೆ ಎಲ್ಲಿ ಮಲಗ್ತಾರೆ?"

ಬನ್ನಜ್ಜ ಫೋನಿಗೆ ಬಾಗಿದ. "ತಪ್ಪು ನಂದೇ ಮಗಳೇ, ಅಮ್ಮನ್ನ ಕೇಳದೆ ಹೇಳಿದೆ. ಮಲಗೋ ಯೋಚನೆ ಬಿಡು. ರಾತ್ರಿ ಕೂಸು ಅತ್ತರೆ ಎತ್ತಿಕೊಂಡು ತಿರುಗೋಕೆ ಒಬ್ಬರು ಬೇಕಲ್ಲ?"

ಆ ಕಡೆಯಿಂದ ನಗುವೋ ನಿಟ್ಟುಸಿರೋ ಬಂತು. "ಇವರನ್ನೂ ಒಂದು ಮಾತು ಕೇಳಿ ಹೇಳ್ತೀನಪ್ಪ" ಎಂದು ಮಗಳು ಫೋನಿಟ್ಟಳು.

"ಮುನಿಸಿಕೊಂಡಳಾ?" ಎಂದು ಅವನು ಕೇಳಿದ.

"ಸ್ವಲ್ಪ ಮುನಿಸಿಕೊಳ್ಳಲಿ, ಹಕ್ಕಿದೆ. ನೀವು ಮಲಗಿ, ಕಣ್ಣು ಕೆಂಪಗಿದೆ."

"ಇನ್ನೆಲ್ಲಿ ನಿದ್ದೆ? ಬಾ, ನಾನೂ ಬರ್ತೀನಿ."

ಅವನು ನಿಲುವಂಗಿಯ ಮೇಲೆಯೇ ಕೋಟು ಹಾಕಿಕೊಂಡ. ಬೀದಿ ದಾಟಿ ಮರಳಿಗೆ ಬಂದವನು ಗಕ್ಕನೆ ನಿಂತ. ಅವನು ಈಚಿನ ಸಂಜೆಗಳಲ್ಲಿ ಕಂಡಿದ್ದ ಕಡಲು ರಸ್ತೆಯ ಕಟ್ಟೆಗೇ ಬಡಿಯುತ್ತಿತ್ತು. ಈಗ ಅದು ಎಲ್ಲೋ ದೂರ ಸರಿದು, ನಡುವೆ ಒದ್ದೆ ಮರಳು ಕನ್ನಡಿಯ ಹಾಗೆ ಬಿದ್ದುಕೊಂಡಿತ್ತು.

"ನೀರೆಲ್ಲಿ ಹೋಯ್ತು?"

"ನಾಲ್ಕೈದು ದಿನದಿಂದ ಬೆಳಿಗ್ಗೆ ಹೀಗೇ, ಇಳಿತದ ಹೊತ್ತು. ನಿಮಗೆ ಹೇಳಬೇಕು ಅಂತ ದಿನಾ ಅಂದುಕೊಳ್ತಿದ್ದೆ." ನರ್ಸಮ್ಮ ಅವನ ತೋಳು ಹಿಡಿದಳು. "ಇಲ್ಲಿ ಜಾರುತ್ತೆ, ನಿಧಾನ. ಆ ಬಂಡೆ ತನಕ ನಡೆಯಬಹುದು. ಹೋಗೋಣ್ವಾ?"

"ನಿನಗೆ ಕಾಲು ನೋಯಲ್ವಾ?"

"ನೋಯುತ್ತೆ. ಹೋಗೋಣ್ವಾ, ಬೇಡ್ವಾ, ಅದನ್ನ ಹೇಳಿ."

"ಹೋಗೋಣ" ಎಂದ ಬನ್ನಜ್ಜ.